ಶುಕ್ರವಾರ ಉಣ್ಣುತ್ತಿದ್ದ ತೊಟ್ಟಿ

ಉಪ್ಪಿನಿಂದ ಶುರು ಮಾಡುತ್ತೇನೆ. ಆ ವರ್ಷದ ನನ್ನ ದಿನಚರಿಯಲ್ಲಿ ಮೊದಲ ದೂರು ಇರುವುದು ಅದರ ಮೇಲೆಯೇ. ನೆನಪನ್ನು ಕೇಳಿದರೆ ಅದು ನಮ್ಮ ಪ್ರಯೋಗಾಲಯದ ಮುಖ್ಯಸ್ಥರ ಕೋಣೆಯಿಂದ, ನನಗಾದ ಅವಮಾನದಿಂದ ಶುರು ಮಾಡುತ್ತದೆ. ನೆನಪಿಗೆ ತನ್ನ ಪರ ತಾನೇ ವಾದಿಸುವ ಚಟ. ಹಾಗಾಗಿ ಆದಷ್ಟೂ ದಿನಚರಿಯ ಬೆನ್ನು ಹಿಡಿದು ಹೋಗುತ್ತೇನೆ. ಅದು ಸುಮ್ಮನಿರುವ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ತಿರುಪ್ಪೂರು ಆಗ ಇನ್ನೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಾನು ಕೊಯಮತ್ತೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿದ್ದೆ. ತಿರುಪ್ಪೂರಿನ ಹೊರಗೆ, ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕವಿತ್ತು. ಇಂಥದನ್ನು ಅಲ್ಲಿ ಸಾಯಪಟ್ಟರೈ ಎನ್ನುತ್ತಾರೆ. ಅದರ ಹಿತ್ತಲಲ್ಲಿ ಬಣ್ಣದ ಕೊಳೆನೀರು ನಿಲ್ಲುವ ದೊಡ್ಡ ಸಿಮೆಂಟು ತೊಟ್ಟಿ. ಆ ತೊಟ್ಟಿಗೆ ನಮ್ಮ ಪ್ರಯೋಗಾಲಯ ಬೆಳೆಸಿದ ಒಂದು ಬ್ಯಾಕ್ಟೀರಿಯಾವನ್ನು ಬಿಟ್ಟಿದ್ದೆವು. ಅದು ಬಣ್ಣದ ಅಣುವನ್ನು ತುಂಡು ಮಾಡುತ್ತದೆ, ನೀರು ತಿಳಿಯಾಗುತ್ತದೆ ಎಂಬುದು ಯೋಜನೆ. ಗಾಜಿನ ಸೀಸೆಯಲ್ಲಿ ಅದು ಹಾಗೆ ಮಾಡುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ತೊಟ್ಟಿಯಲ್ಲೂ ಮಾಡುತ್ತದೆಯೇ ಎಂದು ತೋರಿಸಬೇಕಿತ್ತು.

ತೋರಿಸುವ ಬಗೆಯೂ ಮೊದಲೇ ಗೊತ್ತಾಗಿತ್ತು. ಜೀನ್ ಮತ್ತು ಪ್ರೋಟೀನ್ ಎರಡನ್ನೂ ಜೋಡಿಸಿ ನೋಡಬೇಕು. ಬಣ್ಣ ಕತ್ತರಿಸುವ ಕಿಣ್ವದ ಜೀನ್ ತೊಟ್ಟಿಯ ಕೆಸರಿನಲ್ಲಿ ಸಿಕ್ಕರೆ, ಆ ಕಿಣ್ವವನ್ನು ಮಾಡುವ ಪಾಠ ಅಲ್ಲೆಲ್ಲೋ ಇದೆ ಎಂದಷ್ಟೇ ಹೇಳಬಹುದು. ಸತ್ತ ಜೀವಕೋಶದಲ್ಲೂ ಪಾಠ ಉಳಿದಿರುತ್ತದೆ. ಕಿಣ್ವವೇ, ಅಂದರೆ ಪ್ರೋಟೀನೇ ಸಿಕ್ಕರೆ ಕೆಲಸ ನಡೆಯುತ್ತಿದೆ ಎನ್ನಬಹುದು. ಜೀನಿನ ಭಾಗ ನನ್ನ ಸಹೋದ್ಯೋಗಿಗೆ, ಪ್ರೋಟೀನಿನ ಭಾಗ ನನಗೆ. ಶನಿವಾರ ಪಾಠಗಳಿರುವುದಿಲ್ಲವೆಂದು ಅವನು ಶನಿವಾರ ಹೋಗಿ ಕೆಸರು ತರುತ್ತಿದ್ದ. ನನ್ನ ಯಂತ್ರ ಬೇರೆ ವಿಭಾಗದ್ದು, ವಾರದ ಮಧ್ಯೆ ಮಾತ್ರ ಸಿಗುತ್ತಿತ್ತು. ನಾನು ಬುಧವಾರ ತರುತ್ತಿದ್ದೆ. ಒಂದೇ ತೊಟ್ಟಿ, ಯಾವ ದಿನವಾದರೇನು ಎಂದುಕೊಂಡಿದ್ದೆವು. ದಿನಚರಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಯಾರಿಗೂ ಅದು ಪ್ರಶ್ನೆ ಅನ್ನಿಸಿರಲಿಲ್ಲ.

ಘಟಕದಲ್ಲಿ ತೊಟ್ಟಿಯ ಉಸ್ತುವಾರಿ ನೋಡುತ್ತಿದ್ದವರು ಐವತ್ತರ ಆಸುಪಾಸಿನ ಮೇಸ್ತ್ರಿ. ತಲೆಮಾರುಗಳ ಹಿಂದೆಯೇ ಅಲ್ಲಿ ನೆಲೆನಿಂತ ನೇಯ್ಗೆಯವರ ಮನೆತನ. ಮೊದಲ ದಿನ ನಾನು ಮೊಬೈಲಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕಿವಿಗೆ ಬಿದ್ದು ಹತ್ತಿರ ಬಂದರು.

“ನೀವು ಕನ್ನಡವಾ? ನಾವೂ ಅದೇ ತಾನೆ. ಮನೇಲಿ ಮಾತಾಡೋದು. ಓದಕ್ಕೆ ಮಾತ್ರ ತೆರಿಯಾದು, ಬರಲ್ಲ.”

ಅಂದಿನಿಂದ ನಾನು ಅವರಿಗೆ ಅಮ್ಮಿಣಿ, ಅಲ್ಲಿಯ ಅಕ್ಕರೆಯ ಮಾತಿನಲ್ಲಿ ಪುಟ್ಟ ಹುಡುಗಿ; ಅವರು ನನಗೆ ಅಣ್ಣ. ಬ್ಯಾಕ್ಟೀರಿಯಾಗಳನ್ನು ಅವರು ಪೂಚ್ಚಿ ಎನ್ನುತ್ತಿದ್ದರು, ಹುಳ ಎಂಬ ಅರ್ಥದಲ್ಲಿ. ನಾನು ಕೆಸರು ತುಂಬಿಕೊಳ್ಳುವಾಗ ಪಕ್ಕದಲ್ಲಿ ನಿಂತು, ಎಲ್ಲವನ್ನೂ ಬಾಚಿಕೊಂಡು ಹೋಗಬೇಡಿ, ಸಂಸಾರ ಮಾಡಲಿಕ್ಕೆ ಒಂದೆರಡನ್ನಾದರೂ ಬಿಟ್ಟುಹೋಗಿ ಎಂದು ನಗುತ್ತಿದ್ದರು. ಆ ತೊಟ್ಟಿಯನ್ನು ಅವರಷ್ಟು ಪ್ರೀತಿಯಿಂದ ನಮ್ಮಲ್ಲಿ ಯಾರೂ ನೋಡಲಿಲ್ಲ.

ಪ್ರೀತಿಗೆ ಕಾರಣವಿತ್ತು. ಘಟಕದ ಹಿಂದೆ ಒಂದು ಹಳ್ಳ. ಅದು ಇಳಿದು ಹೋಗುವ ಊರಿಗೆ ಅವರ ಅಕ್ಕನನ್ನು ಕೊಟ್ಟಿತ್ತು. ತೊಟ್ಟಿಯ ನೀರು ತಿಳಿಯಾಯಿತೆಂದು ನಮ್ಮ ವರದಿ ಹೇಳಿದರೆ, ಅದಕ್ಕೆ ಸಿಹಿನೀರು ಬೆರೆಸಿ ಹಳ್ಳಕ್ಕೆ ಬಿಡುವುದು ಮಾಲೀಕರ ಲೆಕ್ಕಾಚಾರ. ಬೇಸಿಗೆಯಲ್ಲಿ ಆ ಊರಿನವರಿಗೆ ಅದು ದನಕರುಗಳಿಗೆ ಸಿಗುವ ನೀರು.

“ನೀರು ಸರಿ ಅಂತ ನೀವು ಹೇಳಿದ ದಿನ ಅಕ್ಕನಿಗೆ ಫೋನ್ ಪೋಡ್ತೀನಿ,” ಎಂದಿದ್ದರು. “ಅವಳ ಎಮ್ಮೆ ಈ ಹಳ್ಳದಲ್ಲೇ ಬಾಯಿ ಇಕ್ಕೋದು. ನೀವು ಸರಿ ಅನ್ನೋವರೆಗೂ ಬೇಡ ಅಂತ ನಾನೇ ತಡೆದಿದ್ದೀನಿ.”

ಇನ್ನು ಉಪ್ಪು. ಬಣ್ಣ ಬಟ್ಟೆಗೆ ಹಿಡಿಯಲೆಂದು ಡೈಯಿಂಗಿನಲ್ಲಿ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಅದೆಲ್ಲ ತೊಟ್ಟಿಗೇ ಬರುತ್ತದೆ. ನನ್ನ ಕೆಲಸದಲ್ಲಿ ಪ್ರೋಟೀನುಗಳನ್ನು ಮೊದಲು ಒಂದು ತೆಳು ಪಟ್ಟಿಯ ಮೇಲೆ ವಿದ್ಯುತ್ ಹಾಯಿಸಿ ಅವುಗಳ ಸ್ವಭಾವದ ಪ್ರಕಾರ ಸಾಲಾಗಿ ನಿಲ್ಲಿಸಬೇಕು, ಆಮೇಲೆ ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಇಳಿಸಬೇಕು. ಆಗ ಒಂದೊಂದು ಪ್ರೋಟೀನೂ ಒಂದೊಂದು ಚುಕ್ಕೆಯಾಗಿ ಬೇರೆಯಾಗುತ್ತದೆ. ಉಪ್ಪಿದ್ದರೆ ವಿದ್ಯುತ್ತನ್ನು ಉಪ್ಪೇ ಹೊತ್ತುಕೊಂಡು ಓಡುತ್ತದೆ, ಪ್ರೋಟೀನುಗಳು ನಿಂತಲ್ಲೇ ನಿಲ್ಲುತ್ತವೆ. ಮೊದಲ ಪಟ್ಟಿ ಸುಟ್ಟೇಹೋಯಿತು. ಎರಡನೆಯದರಲ್ಲಿ ಮಳೆಯಲ್ಲಿ ನೆನೆದ ಗೋಡೆಯಂಥ ಕಲೆ. ಆಸಿಡ್ ಹಾಕಿ ಪ್ರೋಟೀನನ್ನು ಗರಣೆಗಟ್ಟಿಸಿ, ತಣ್ಣನೆಯ ಅಸಿಟೋನಿನಲ್ಲಿ ಮತ್ತೆ ಮತ್ತೆ ತೊಳೆದೆ. ಉಪ್ಪು ಹೋಯಿತು, ಬಣ್ಣ ಹೋಗಲಿಲ್ಲ. ಬಟ್ಟೆಯ ಎಳೆಯನ್ನು ಬಿಗಿದಪ್ಪುವ ಬಣ್ಣ ಪ್ರೋಟೀನನ್ನೂ ಹಾಗೆಯೇ ಅಪ್ಪುತ್ತದೆ. ಜೆಲ್ಲಿಗೆ ನೀಲಿ ಹಾಕಿ ಚುಕ್ಕೆ ನೋಡಬೇಕಾದ ನನಗೆ, ಹಾಕುವ ಮೊದಲೇ ಎಲ್ಲವೂ ನೀಲಿ. ಇದು ಪ್ರೋಟೀನೋ ತಿರುಪ್ಪೂರಿನ ಟೀ ಶರ್ಟೋ ಎಂದು ಸಹೋದ್ಯೋಗಿ ಕೇಳಿದ. ನನಗೂ ನಗು ಬಂತೆಂದು ದಿನಚರಿಯಲ್ಲಿದೆ. ನನಗೆ ನೆನಪಿಲ್ಲ.

ಈ ಹೊತ್ತಿಗೆ ಜೀನನ್ನು ಹುಡುಕಿ ತೋರಿಸುವ ಅವನ ಪಿಸಿಆರ್ ಪರೀಕ್ಷೆಯ ಫಲಿತಾಂಶ ವಾರವಾರವೂ ಬರುತ್ತಿತ್ತು. ಪ್ರತಿ ಶನಿವಾರದ ಕೆಸರಿನಲ್ಲೂ ಜೀನಿನ ಗೆರೆ, ನಮ್ಮ ಮಾತಿನಲ್ಲಿ ಬ್ಯಾಂಡ್, ಬೆಳ್ಳಗೆ ಹೊಳೆಯುತ್ತಿತ್ತು. ಮುಖ್ಯಸ್ಥರು ಅದರ ಫೋಟೋಗಳನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ನನ್ನನ್ನು ಕಂಡಾಗಲೆಲ್ಲ “ಪ್ರೋಟೀನ್ ಎಂಗಮ್ಮಾ?” ಎನ್ನುತ್ತಿದ್ದರು. ಪ್ರೋಟೀನ್ ಎಲ್ಲಿ ಎಂಬ ಆ ಪ್ರಶ್ನೆಯಲ್ಲಿ ಮೊದಮೊದಲು ಕುತೂಹಲವಿತ್ತು. ಆಮೇಲೆ ಇರಲಿಲ್ಲ.

ತಿಂಗಳುಗಳ ಮೇಲೆ ಅಂತೂ ಚುಕ್ಕೆಗಳು ಬಂದವು. ನಮ್ಮ ಬ್ಯಾಕ್ಟೀರಿಯಾದ ಕಿಣ್ವ ಎಲ್ಲಿ ಬರಬೇಕೆಂದು ನನಗೆ ಗೊತ್ತಿತ್ತು. ಸೀಸೆಯಲ್ಲಿ ಬೆಳೆದದ್ದರ ಜೆಲ್ಲನ್ನು ಮೊದಲೇ ಮಾಡಿಟ್ಟುಕೊಂಡಿದ್ದೆ, ನಾನು ಮಾಡಿದವುಗಳಲ್ಲೆಲ್ಲ ಚಂದದ್ದು ಅದು. ತೊಟ್ಟಿಯ ಜೆಲ್ಲಿನಲ್ಲಿ ಆ ಜಾಗ ಖಾಲಿಯಿತ್ತು. ಬೇರೆ ಕಡೆ ಇದ್ದ ಚುಕ್ಕೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಯಾವ ಜೀವಿಯ ಪ್ರೋಟೀನುಗಳೆಂದು ಗುರುತಿಸಲು ಬೆಂಗಳೂರಿಗೆ ಕೊರಿಯರ್ ಮಾಡಿದೆ.

ಉತ್ತರ ಬಂದಾಗ ಹಲವು ಚುಕ್ಕೆಗಳ ಮುಂದೆ ಹಸು ಎಂದಿತ್ತು.

ಪ್ರೋಟೀನಿನ ಪ್ರಯೋಗಾಲಯಗಳಲ್ಲಿ ಇದಕ್ಕೊಂದು ಸಿದ್ಧ ಅರ್ಥವಿದೆ. ಅಳತೆಗೆಂದು ನಾವೆಲ್ಲ ಹಸುವಿನ ರಕ್ತದ ಒಂದು ಪ್ರೋಟೀನನ್ನು ದಿನಾ ಬಳಸುತ್ತೇವೆ. ಅದು ಮಾದರಿಗೆ ಬಿದ್ದರೆ ಕೈ ಕೊಳಕು ಎಂದೇ ಅರ್ಥ. ಮುಖ್ಯಸ್ಥರು ಎಲ್ಲರ ಎದುರಿಗೇ ಹಾಳೆಯನ್ನು ನನ್ನ ಕಡೆ ತಳ್ಳಿದರು. ಇಷ್ಟು ತಿಂಗಳು ತೆಗೆದುಕೊಂಡು ತೊಟ್ಟಿಯಲ್ಲಿ ಹಸುವನ್ನು ಕಂಡುಹಿಡಿದಿದ್ದೀಯಾ ಎಂದರು. ಎಲ್ಲರೂ ನಕ್ಕರು ಎಂದು ನೆನಪು ಹೇಳುತ್ತದೆ. ಒಬ್ಬ ನಕ್ಕ ಎಂದು ದಿನಚರಿ ಹೇಳುತ್ತದೆ.

ನಾನು ನನ್ನನ್ನೇ ಅನುಮಾನಿಸಿದೆ. ಹೊಸ ಗಾಜು, ಹೊಸ ರಾಸಾಯನಿಕ, ಹಸುವಿನ ಪ್ರೋಟೀನಿನ ಸೀಸೆಯನ್ನು ಕೋಣೆಯಿಂದಲೇ ಆಚೆಗಿಟ್ಟು ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದೆ. ಹಸು ಮತ್ತೆ ಬಂತು. ಈ ಸಲ ಪಟ್ಟಿಯನ್ನು ಸರಿಯಾಗಿ ಓದಿದೆ. ಅಲ್ಲಿದ್ದದ್ದು ರಕ್ತದ ಪ್ರೋಟೀನಲ್ಲ. ಮೇದೋಜೀರಕ ಗ್ರಂಥಿಯವು, ಕರುಳಿನವು. ಅವುಗಳ ಜೊತೆಗೆ ಕರುಳಲ್ಲಿ ಬಾಳುವ ಬ್ಯಾಕ್ಟೀರಿಯಾಗಳವು. ಇಂಥವು ನನ್ನ ಕೋಣೆಯ ಯಾವ ಸೀಸೆಯಲ್ಲೂ ಇರಲಿಲ್ಲ. ಅಂದರೆ ತೊಟ್ಟಿಯಲ್ಲಿದ್ದವು.

ಬುಧವಾರಕ್ಕೆ ಕಾಯದೆ ದಿನಾ ಹೋಗಿ ನೋಡುವುದೆಂದು ಹೊರಟೆ. ಶುಕ್ರವಾರ ಬೆಳಿಗ್ಗೆ ಕೊಯಮತ್ತೂರಿನ ಗಾಂಧಿಪುರದಲ್ಲಿ ಬಸ್ಸು ಹಿಡಿದು, ಹೇಳದೆ ಕೇಳದೆ ಘಟಕಕ್ಕೆ ಹೋದೆ. ತೊಟ್ಟಿಯ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿತ್ತು. ಕರ್ಪೂರ ಆಗಷ್ಟೇ ಆರಿತ್ತು. ಮೇಸ್ತ್ರಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡಿದ ಸಗಣಿಗೆ ಬೆಲ್ಲ ಪುಡಿ ಮಾಡಿ ಹಾಕಿ, ಬಗ್ಗಡವನ್ನು ಮೆಲ್ಲಗೆ, ಶಬ್ದವಾಗದ ಹಾಗೆ ತೊಟ್ಟಿಗೆ ಹೊಯ್ಯುತ್ತಿದ್ದರು. ನನ್ನನ್ನು ಕಂಡು ಡ್ರಮ್ಮು ಕೆಳಗಿಟ್ಟು, ಕರೆಯದ ಮದುವೆ ಮನೆಯಲ್ಲಿ ಎಲೆ ಮುಂದೆ ಸಿಕ್ಕಿಬಿದ್ದವರ ಹಾಗೆ ನಕ್ಕರು.

ಆಮೇಲೆ ಹೇಳಿದರು. ಅವರ ಅಜ್ಜಿ ನೂಲಿಗೆ ನೀಲಿ ಹಾಕುತ್ತಿದ್ದಳು. ನೀಲಿಯ ತೊಟ್ಟಿ ಜೀವ ಇರುವ ವಸ್ತು. ವಾರಕ್ಕೊಮ್ಮೆ ಅದಕ್ಕೆ ಬೆಲ್ಲ, ಬೇಯಿಸಿದ ತಗಚೆ ಬೀಜ ಇಕ್ಕದಿದ್ದರೆ ತೊಟ್ಟಿ ಸಾಯುತ್ತದೆ, ಬಣ್ಣ ಏಳುವುದಿಲ್ಲ. ನಾವು ಬಂದು ಈ ತೊಟ್ಟಿಯಲ್ಲೂ ಜೀವ ಬಿಟ್ಟಿದ್ದೇವೆ ಎಂದಾಗ, ಅಜ್ಜಿಯ ಕ್ರಮವನ್ನೇ ಹಿಡಿದಿದ್ದರು. ಮೊದಲ ಶುಕ್ರವಾರದಿಂದ ಒಂದು ವಾರವೂ ತಪ್ಪಿಸಿರಲಿಲ್ಲ.

“ಸಗಣಿ ಯಾಕಣ್ಣಾ?”

“ದೊಡ್ಡ ತೊಟ್ಟಿ, ದೊಡ್ಡ ಹೊಟ್ಟೆ. ಬರೀ ಬೆಲ್ಲಕ್ಕೆ ನಾನು ಎಲ್ಲಿ ಹೋಗ್ಲಿ?”

“ನಮಗೆ ಒಂದು ಮಾತು ಹೇಳಬಾರದಿತ್ತಾ?”

“ತೊಟ್ಟಿಗೆ ಇಕ್ಕಿದ್ದು ಬಾಯಲ್ಲಿ ಹೇಳ್ಕೂಡದು ಅಮ್ಮಿಣಿ. ಕಣ್ಣು ಬೀಳ್ತದೆ. ಮಗೂಗೆ ಹಾಲು ಕೊಟ್ಟಿದ್ದ ಬೀದಿಗೆಲ್ಲ ಸಾರ್ತಾರಾ?”

ಬಸ್ಸಿನಲ್ಲಿ ವಾಪಸ್ಸು ಬರುವಾಗ ಎಲ್ಲವೂ ತಾನಾಗಿ ಜೋಡಿಯಾಗುತ್ತ ಹೋಯಿತು. ಬಣ್ಣ ಕತ್ತರಿಸುವ ಕಿಣ್ವ ನಮ್ಮ ಬ್ಯಾಕ್ಟೀರಿಯಾದ ಸ್ವತ್ತಲ್ಲ. ದನದ ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಅದರ ದಾಯಾದಿ ಜೀನುಗಳಿವೆ. ಸಹೋದ್ಯೋಗಿಯ ಪ್ರೈಮರು, ಅಂದರೆ ಪಿಸಿಆರಿನಲ್ಲಿ ಜೀನನ್ನು ಹುಡುಕಿ ಹಿಡಿಯುವ ಕೊಂಡಿ, ಆ ದಾಯಾದಿಗಳನ್ನೂ ಹಿಡಿಯುವಷ್ಟು ಸಡಿಲವಾಗಿತ್ತು. ಶುಕ್ರವಾರ ಸಗಣಿ ಬೀಳುತ್ತದೆ, ಶನಿವಾರ ಬ್ಯಾಂಡ್ ಹೊಳೆಯುತ್ತದೆ. ಬುಧವಾರದ ಹೊತ್ತಿಗೆ ಆ ಉಪ್ಪಿನಲ್ಲಿ ಬ್ಯಾಕ್ಟೀರಿಯಾಗಳೆಲ್ಲ ಸತ್ತು ನನ್ನ ಪಾಲಿಗೆ ಹಸುವಿನ ಕರುಳು ಉಳಿಯುತ್ತದೆ. ನಾವು ಎರಡು ಬೇರೆ ದಿನಗಳ ಎರಡು ಬೇರೆ ಸಂಗತಿಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು, ಜೀನ್ ಮತ್ತು ಪ್ರೋಟೀನನ್ನು ಜೋಡಿಸಿದ್ದೇವೆ ಎಂದುಕೊಂಡಿದ್ದೆವು.

ಇದು ಊಹೆ ಅಷ್ಟೇ. ಊಹೆಯನ್ನು ಮುಖ್ಯಸ್ಥರ ಹತ್ತಿರ ಒಯ್ಯುವುದಿಲ್ಲ ಎಂದು ತೀರ್ಮಾನಿಸಿದೆ. ಅವರಿಗೆ ಹೇಳದೆಯೇ ಮೂರು ಕೆಲಸ ಮಾಡಿದೆ. ಸಹೋದ್ಯೋಗಿಯನ್ನು ಒಪ್ಪಿಸಿ, ವಾರವಿಡೀ ಒಂದೇ ಬಕೆಟ್ಟಿನ ಕೆಸರನ್ನು ಅರ್ಧರ್ಧ ಹಂಚಿಕೊಂಡು ಅವನು ಜೀನ್ ನೋಡಿದ, ನಾನು ಪ್ರೋಟೀನ್ ನೋಡಿದೆ. ಒಂದಷ್ಟು ಕೆಸರನ್ನು ಆಟೋಕ್ಲೇವಿನಲ್ಲಿ ಬೇಯಿಸಿ, ಜೀವವೆಲ್ಲ ಕೊಂದು, ಅದಕ್ಕೆ ಬಣ್ಣದ ನೀರು ಹಾಕಿಟ್ಟೆ. ಮೂರನೆಯದು ಮೇಸ್ತ್ರಿಯ ಕೈಯಲ್ಲಿತ್ತು. ಕೆಲವು ವಾರ ತೊಟ್ಟಿಗೆ ಏನೂ ಇಕ್ಕಬೇಡಿ ಎಂದು ಕೇಳಿದೆ.

ಅವರು ಪಾಪ ಬರುತ್ತದೆ ಎಂದರು. ಪರೀಕ್ಷೆ ಅಣ್ಣಾ, ನಿಮ್ಮ ಅಕ್ಕನ ಎಮ್ಮೆಗಾಗಿಯೇ ಎಂದೆ. ಕೊನೆಗೆ, “ನೀವು ಓದಿದವರು, ನಿಮಗೆ ತಿಳೀತದೆ,” ಎಂದು ಒಪ್ಪಿಕೊಂಡರು.

ಬೇಯಿಸಿದ ಕೆಸರಿನ ಉತ್ತರ ಮೊದಲು ಬಂತು. ಜೀವವಿಲ್ಲದ ಆ ಕೆಸರೂ ನೀರನ್ನು ತೊಟ್ಟಿಯಷ್ಟೇ ತಿಳಿ ಮಾಡಿತು. ಬಣ್ಣವನ್ನು ಯಾರೂ ಕತ್ತರಿಸುತ್ತಿರಲಿಲ್ಲ. ಕೆಸರೂ ಸಗಣಿಯ ನಾರೂ ಅದನ್ನು ಅರಿವೆಯ ಹಾಗೆ ಹೀರಿಟ್ಟುಕೊಳ್ಳುತ್ತಿದ್ದವು. ಮತ್ತೆ ಮತ್ತೆ ಬಣ್ಣದ ನೀರು ಹಾಕಿದಾಗ ಒಂದು ಹಂತದಲ್ಲಿ ಅದಕ್ಕೆ ಹೊಟ್ಟೆ ತುಂಬಿತು. ಆಮೇಲೆ ಹಾಕಿದ ನೀರು ಹಾಕಿದ ಹಾಗೇ ನೀಲಿಯಾಗಿ ಈಚೆ ಬಂತು. ತೊಟ್ಟಿಯೂ ಒಂದು ದಿನ ಹೀಗೆಯೇ ತುಂಬುತ್ತದೆ. ಹಂಚಿಕೊಂಡ ಕೆಸರಿನಲ್ಲಿ ಬ್ಯಾಂಡ್ ಹೊಳೆದ ದಿನವೂ ನಮ್ಮ ಕಿಣ್ವ ಸಿಗಲಿಲ್ಲ. ಊಟ ನಿಂತ ಮೇಲೆ ಸಹೋದ್ಯೋಗಿಯ ಬ್ಯಾಂಡು ವಾರದಿಂದ ವಾರಕ್ಕೆ ಮಸುಕಾಗುತ್ತ ಹೋಗಿ ಕೊನೆಗೆ ಇಲ್ಲವಾಯಿತು. ನನ್ನ ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು.

ಆಗ ಹೋದೆ ಮುಖ್ಯಸ್ಥರ ಕೋಣೆಗೆ. ಸಹೋದ್ಯೋಗಿ ಬರುತ್ತೇನೆಂದವನು ಬರಲಿಲ್ಲ. ಅವನ ಪಿಎಚ್‌ಡಿ ಬ್ಯಾಂಡಿನ ಮೇಲೆ ನಿಂತಿತ್ತು, ದೂರುವುದಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ಹರಡಿ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಅದನ್ನು ಬರೆದಿಡಲೇಬೇಕು: ಮಧ್ಯೆ ಬಾಯಿ ಹಾಕಲಿಲ್ಲ.

“ತೊಟ್ಟಿ ತಿನ್ನುತ್ತಿದ್ದಾಗ ಬ್ಯಾಂಡ್ ಇತ್ತೋ ಇಲ್ಲವೋ?”

“ಇತ್ತು ಸರ್. ಆದರೆ ಅದು ಸಗಣಿಯದು.”

“ಪ್ರೈಮರ್ ನಮ್ಮದು ತಾನೇ?” ಎಂದರು. “ನೀನು ಅದನ್ನು ಉಪವಾಸ ಕೆಡವಿದೆ, ಅದು ಸತ್ತಿತು. ಯಾರನ್ನು ಕೇಳಿ ನಿಲ್ಲಿಸಿದೆ? ಆ ವಾರಗಳ ಡೇಟಾ ತೆಗೆದುಬಿಡು.”

ಊಟ ಹಾಕುತ್ತಿದ್ದಾಗಲೂ ನಮ್ಮ ಕಿಣ್ವ ಒಂದು ಸಲವೂ ಸಿಕ್ಕಿಲ್ಲ ಎಂದೆ. ಪ್ರೋಟೀನ್ ಕಷ್ಟದ ಕೆಲಸ, ಅದೂ ಉಪ್ಪಿನಲ್ಲಿ, ಸಿಗದಿದ್ದರೆ ಇಲ್ಲವೆಂದು ಅರ್ಥವಲ್ಲ ಎಂದರು. ಬೇರೆ ಯಾವ ಸಂದರ್ಭದಲ್ಲಾದರೂ ಆ ವಾಕ್ಯ ಸರಿ. ಬೇಯಿಸಿದ ಕೆಸರಿನ ಮಾತು ತೆಗೆದಾಗ “ಸರಿ, ವಿಡುಮ್ಮಾ,” ಎಂದು ಎದ್ದು ಕಿಟಕಿಯ ಹತ್ತಿರ ಹೋದರು. ಬಿಟ್ಟುಬಿಡು. ಅದು ಮುಂದಿನ ಹಂತದ ಯೋಜನೆಗೆ ಒಳ್ಳೆಯ ಪ್ರಶ್ನೆ ಎಂದು ಅಲ್ಲಿಂದ ಹೇಳಿದರು.

ವರದಿ ಅಚ್ಚಾಗಿ ಬಂತು. ಹೆಸರಿನಲ್ಲೇ ಜೀನ್-ಪ್ರೋಟೀನ್ ಸಂಯೋಜಿತ ಅಧ್ಯಯನ ಎಂದಿತ್ತು. ಒಂದು ಪುಟದಲ್ಲಿ ತೊಟ್ಟಿಯ ಶನಿವಾರದ ಬ್ಯಾಂಡುಗಳು. ಎದುರು ಪುಟದಲ್ಲಿ ನನ್ನ ಆ ಚಂದದ ಜೆಲ್ಲು, ಕಿಣ್ವದ ಚುಕ್ಕೆಗೊಂದು ಬಾಣದ ಗುರುತು. ಅದು ಸೀಸೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ್ದೆಂದು ಕೆಳಗೆ ಸಣ್ಣಕ್ಷರದಲ್ಲಿ ಹೇಳಿತ್ತು. ಸುಳ್ಳು ಎನ್ನಬಹುದಾದ ಒಂದು ಪದವೂ ಎಲ್ಲೂ ಇರಲಿಲ್ಲ. ಎರಡು ನಿಜಗಳನ್ನು ಎದುರುಬದುರು ಕೂರಿಸಲಾಗಿತ್ತು, ಅಷ್ಟೇ. ಅಚ್ಚಿಗೆ ಮೊದಲೇ ನನ್ನ ಹೆಸರು ತೆಗೆಯಿರಿ ಎಂದು ಕೇಳಿದ್ದೆ. ತೆಗೆದಿದ್ದರು. ಜೆಲ್ಲನ್ನು ತೆಗೆದಿರಲಿಲ್ಲ. ಅದು ಪ್ರಯೋಗಾಲಯದ ಸ್ವತ್ತು.

ಮರುದಿನ ತಿರುಪ್ಪೂರಿಗೆ ಹೋದೆ. ಹೋಗಕೂಡದೆಂದು ಮುಖ್ಯಸ್ಥರು ಹೇಳಿದ್ದರು. ಘಟಕದಲ್ಲಿ ಮಾಲೀಕರು ಆಗಲೇ ಹಳ್ಳಕ್ಕೆ ಕೊಳವೆ ಹಾಕಿಸಿದ್ದರು. ನೀರು ಬೀಳುತ್ತಿತ್ತು. ಇನ್ನೂ ತಿಳಿಯಾಗಿಯೇ ಇತ್ತು, ನೋಡಿದವರಿಗೆ ಸುಮ್ಮನೆ ನೀರು. ಮೇಸ್ತ್ರಿ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕನಿಗೆ ಹೇಳಿದಿರಾ ಎಂದು ಕೇಳಿದೆ. ಇನ್ನೂ ಇಲ್ಲ, ನಿಮ್ಮ ಬಾಯಿಂದ ಕೇಳಿ ಹೇಳೋಣ ಅಂತ ಎಂದರು.

ಅವರ ಅಪ್ಪನದು ಜಕಾರ್ಡ್ ಮಗ್ಗ. ಅದರಲ್ಲಿ ಸೀರೆಯ ಹೂವು ಬಳ್ಳಿಗಳನ್ನು ಹೇಳುವುದು ಮೇಲೆ ತೂಗುವ ತೂತಿನ ರಟ್ಟುಗಳು, ಅವರ ಮಾತಿನಲ್ಲಿ ಅಟ್ಟೆ. ಅದನ್ನೇ ಹಿಡಿದು ಹೇಳಿದೆ. ನಾವು ತೊಟ್ಟಿಯಲ್ಲಿ ಕಂಡದ್ದು ಅಟ್ಟೆ ಅಣ್ಣಾ, ಅದೂ ಬೇರೆಯವರ ಮನೆಯ ಅಟ್ಟೆ. ಮಗ್ಗ ಯಾವತ್ತೂ ಓಡಿಲ್ಲ. ನಾವು ಬಿಟ್ಟ ಪೂಚ್ಚಿ ಮೊದಲ ವಾರವೇ ಉಪ್ಪಿಗೆ ಸತ್ತಿದೆ. ನೀರು ತಿಳಿಯಾಗಿದ್ದು ಕೆಸರು ಹೀರಿದ್ದರಿಂದ. ಹೀರಿ ತುಂಬಿದ ಮೇಲೆ ಬಣ್ಣ ಹಾಗೇ ಬರುತ್ತದೆ. ಎಮ್ಮೆಗೆ ಕುಡಿಸಬೇಡಿ.

ಇಷ್ಟೇ ಸ್ಪಷ್ಟವಾಗಿ ಹೇಳಿದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದೆ. ಆ ದಿನದ ಪುಟದಲ್ಲಿ ಅಟ್ಟೆ ಎಂಬ ಮಾತೂ ಇದೆ, ಅವರು ಆಡಿದ್ದೂ ಇದೆ.

“ಇಲ್ಲ ಮೇಡಂ,” ಎಂದರು. ಅಲ್ಲಿಯವರೆಗೆ ಒಮ್ಮೆಯೂ ನನ್ನನ್ನು ಮೇಡಂ ಅಂದವರಲ್ಲ. “ಇತ್ತು ಅದು. ನಾನು ಇಕ್ಕುವಾಗ ಇತ್ತು. ಅಜ್ಜಿ ತೊಟ್ಟಿ ಮೇಲೆ ಬರೋ ನೊರೆ ನಂಗೆ ಗೊತ್ತು, ಅದೇ ನೊರೆ ಇಲ್ಲೂ ಬರ್ತಿತ್ತು. ನೀವು ನಿಲ್ಲಿಸು ಅಂದ್ರಿ, ನಿಲ್ಲಿಸ್ದೆ. ಹೊಟ್ಟೆ ಒಣಗಿ ಸತ್ತೋಯ್ತು.”

ಬೇಯಿಸಿದ ಕೆಸರಿನ ಬಗ್ಗೆ ಹೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದರು. “ಬೇಡ. ನಾನು ಯಾರನ್ನೂ ಬೈಯಲ್ಲ. ಇಕ್ಕೋ ಕೈ ನಂದು, ನಿಲ್ಲಿಸಿದ್ದೂ ನಂದೇ.”

ಮುಖ್ಯಸ್ಥರೂ ಇದನ್ನೇ ಹೇಳಿದ್ದರು, ಉಪವಾಸ ಕೆಡವಿ ಕೊಂದೆ ಎಂದು. ಅವರ ಕೋಣೆಯಲ್ಲಿ ನನ್ನ ಹತ್ತಿರ ಉತ್ತರವಿತ್ತು, ಒಪ್ಪುವವರಿರಲಿಲ್ಲ. ಇಲ್ಲಿ ಕಟ್ಟೆಯ ಮೇಲೆ ಮಾಸಿಹೋದ ಕುಂಕುಮದ ಪಕ್ಕ ಕೂತ ಈ ಮನುಷ್ಯ ನನ್ನ ಎದುರೇ ಜೇಬಿನಿಂದ ಮೊಬೈಲು ತೆಗೆದು ಅಕ್ಕನಿಗೆ ಫೋನು ಮಾಡಿದರು. ತಮ್ಮ ಮನೆಯ ಕನ್ನಡದಲ್ಲಿ, ತಮಿಳಿನ ರಾಗದಲ್ಲಿ, ತೊಟ್ಟಿ ಸತ್ತುಹೋಗಿದೆ, ಸತ್ತ ತೊಟ್ಟಿಯ ನೀರಿಗೆ ಎಮ್ಮೆಯನ್ನು ಬಿಡಬೇಡ ಎಂದರು. ಹೇಗೆ ಸತ್ತಿತು ಎಂದು ಆ ಕಡೆಯಿಂದ ಕೇಳಿರಬೇಕು. ಕೊಯಮತ್ತೂರಿನಿಂದ ಪರೀಕ್ಷೆ ಮಾಡಲು ಬಂದ ಮೇಡಂ ಊಟ ನಿಲ್ಲಿಸಿದರು ಎಂದರು.

ಅಕ್ಕ ಎಮ್ಮೆಯನ್ನು ಹಳ್ಳದ ಕಡೆ ಬಿಡಲೇ ಇಲ್ಲವಂತೆ. ಊರಿನವರಿಗೂ ಹೇಳಿದಳಂತೆ. ಸಹೋದ್ಯೋಗಿ ಆಮೇಲೊಂದು ಶನಿವಾರ ಹೋದಾಗ ಕೇಳಿ ಬಂದು ಹೇಳಿದ. ಕೊಳವೆಯ ನೀರು ಆ ಹೊತ್ತಿಗೆ ನೀಲಿಗೆ ತಿರುಗಿತ್ತಂತೆ. ನಾನು ಆ ತಿಂಗಳೇ ಕೆಲಸ ಬಿಟ್ಟೆ. ಮೇಸ್ತ್ರಿಯನ್ನು ಮತ್ತೆ ನೋಡಲಿಲ್ಲ.

ಅವರ ತಪ್ಪು ತಿಳುವಳಿಕೆಯನ್ನು ನಾನು ತಿದ್ದಲಿಲ್ಲ. ತಿದ್ದಲು ಅವರು ಬಿಡಲಿಲ್ಲ ಎಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ ಅದರ ಮಾತೇ ಇಲ್ಲ. ಆ ಪುಟದ ಕೊನೆಯಲ್ಲಿರುವುದು ಒಂದೇ ಸಾಲು: ಎಮ್ಮೆ ಆ ನೀರು ಕುಡಿಯುವುದಿಲ್ಲ.